ಗ್ಯಾನಪ್ಪನ ರಜಾ ಅರ್ಜಿ

೩ ಫೆಬ್ರುವರಿ ೧೯೪೧, ಸೋಮವಾರ. ಕೊಪ್ಪಳ

ಇಂದು ಮತ್ತೊಂದು ಅರ್ಜಿ ಬರೆದೆ. ಮದುವೆಯಾಗಿ ಈ ಊರಿಗೆ ಬಂದ ಎರಡು ವರ್ಷದಲ್ಲಿ ಇದು ಆರನೆಯದು. ಇಲ್ಲಿ ಕಚೇರಿಯ ವ್ಯವಹಾರವೆಲ್ಲ ಉರ್ದು. ಉರ್ದು ಬಲ್ಲವರು ಓಣಿಗೊಬ್ಬರು ಸಿಗುತ್ತಾರೆ. ಆದರೆ ರೈಲ್ವೆಯವರಿಗೆ ಇಂಗ್ಲಿಷೇ ಆಗಬೇಕು. ಸ್ಟೇಷನ್ ಮಾಸ್ತರರಿಗೆ ಬರುತ್ತದೆ, ಅವರ ಮುಂದೆ ನಿಲ್ಲಲು ಆಳುಮಕ್ಕಳಿಗೆ ಹೆದರಿಕೆ. ಹೀಗಾಗಿ ಎಲ್ಲರೂ ನಮ್ಮ ಮನೆಗೆ ಬರುತ್ತಾರೆ. ಹೊಸಪೇಟೆಯಲ್ಲಿ ಸಾಲಿ ಮಾಸ್ತರರಾದ ಅಪ್ಪ ನನ್ನನ್ನು ಇಂಗ್ಲಿಷ್ ಸಾಲಿಯ ಮೂರನೆಯ ಫಾರಂವರೆಗೆ ಓದಿಸಿದ್ದು ವ್ಯರ್ಥವಾಗಲಿಲ್ಲ.

ಬಂದವಳು ಫಕೀರಮ್ಮ, ಎಲ್ಲರ ಬಾಯಲ್ಲಿ ಫಕೀರಿ, ನಮ್ಮ ಅಂಗಡಿಯ ಶೇಂಗಾ ಹಸನು ಮಾಡುವವಳು. ಗಂಡ ಗ್ಯಾನಪ್ಪ ಎಂಟು ವರ್ಷದಿಂದ ರೈಲ್ವೆ ಗ್ಯಾಂಗಿನಲ್ಲಿದ್ದಾನೆ. ಹಳಿ ನೋಡುವುದು, ಬೋಲ್ಟು ಬಿಗಿಯುವುದು, ಜಲ್ಲಿ ತುಂಬುವುದು ಅವನ ಕೆಲಸ. ಸ್ಟೇಷನ್ನಿನ ಆಚೆ ಗ್ಯಾಂಗಿನವರ ಖೋಲಿಯಲ್ಲಿ ವಾಸ. ಯಲಬುರ್ಗಿ ಕಡೆಯ ಮಂಗಳೂರಿನಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದಾಳಂತೆ.

"ಹದಿನೈದು ದಿನದ ಮಟ್ಟಿಗೆ ಕೆಲಸ ಬಿಟ್ಟು ಹೋಗಬೇಕಾಗೇತ್ರಿ ಅವ್ವಾರ. ಸಾಹೇಬ್ರ ಮನಸು ಕರಗೂ ಹಂಗ ಬರೀರಿ," ಎಂದಳು ಕಟ್ಟೆಯ ಕೆಳಗೆ ನಿಂತು.

'ಗ್ರಾಂಟ್ ಮಿ ಲೀವ್' ಎಂಬ ರಜಾ ಚೀಟಿಯನ್ನು ಒಂದನೆಯ ಫಾರಂನ ಹುಡುಗಿಯೂ ಬರೆದಾಳು. ಆ ಗಿಳಿಪಾಠ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ. ಅಪ್ಪ ಕೊಟ್ಟ ಪತ್ರಲೇಖನದ ಪುಸ್ತಕದಲ್ಲಿ ದೊಡ್ಡವರು ದೊರೆಗಳಿಗೆ ಬರೆಯುವ ಧಾಟಿಯಿದೆ. ಲೀವ್ ಎಂದರೆ ಅಪ್ಪಣೆ, ಲೀವ್ ಎಂದರೆ ಬಿಡುವುದು. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದೆ: 'ಐ ಬೆಗ್ ಲೀವ್ ಟು ಲೀವ್ ಮೈ ವರ್ಕ್ ಇನ್ ಫಿಫ್ಟೀನ್ ಡೇಸ್.' ಓದಿದರೆ ನಾಲಗೆಗೇ ಸಿಹಿ. ಫಕೀರಿಗೆ ಇಂಗ್ಲಿಷಿನಲ್ಲಿಯೇ ಎರಡು ಸಲ ಓದಿ ತೋರಿಸಿದೆ. ಬಾಯಿ ತೆರೆದುಕೊಂಡು ಕೇಳಿದಳು. ಕಾಗದವನ್ನು ಕಟ್ಟೆಯ ಮೇಲಿಟ್ಟೆ. ನಾನು ಹಿಂದೆ ಸರಿದ ಮೇಲೆ ಎತ್ತಿಕೊಂಡಳು. ಗಂಡನ ಹೆಬ್ಬಟ್ಟು ಒತ್ತಿಸಿ ಗ್ಯಾಂಗಿನ ಮೇಸ್ತ್ರಿ ರಾಜಾಸಾಬನ ಕೈಯಲ್ಲಿ ಕಳಿಸುತ್ತಾರಂತೆ.

ಕರಡನ್ನು ಈ ಪುಸ್ತಕದಲ್ಲೇ ಇಟ್ಟಿದ್ದೇನೆ. ಅಪ್ಪ ಬಂದಾಗ ತೋರಿಸಬೇಕು.

೬ ಫೆಬ್ರುವರಿ, ಗುರುವಾರ

ಇವರು ಭತ್ತದ ವ್ಯಾಪಾರಕ್ಕೆ ಗಂಗಾವತಿ, ಮರಳಿ ಎಂಬ ಊರುಗಳ ಕಡೆ ಹೋಗಿದ್ದಾರೆ. ಅತ್ತಿ ಬಸವಣ್ಣೆಮ್ಮನವರು ಉಂಡು ಮಲಗಿದ್ದಾರೆ. ಮಧ್ಯಾಹ್ನವೆಲ್ಲ ನನ್ನದೇ.

ಲೀವ್ ಎಂಬ ಶಬ್ದ ನನ್ನ ತಲೆಯಲ್ಲಿ ಕುಣಿಯುತ್ತಿದೆ. ಗಾಡಿ ಹೊರಟರೂ ಲೀವ್. ಬಾಗಿಲು ತೆರೆದೇ ಇರಲಿ ಎನ್ನಲಿಕ್ಕೂ ಲೀವ್. ಗಂಗಾಳದಲ್ಲಿ ಅನ್ನ ಉಳಿಸಿದರೂ, ಸತ್ತವರು ಮಕ್ಕಳನ್ನು ಹಿಂದೆ ಬಿಟ್ಟು ಹೋದರೂ ಅದೇ. ನಮ್ಮ 'ಬಿಡು' ಏನು ಕಮ್ಮಿ? ಗಾಡಿ ಬಿಡುತ್ತದೆ, ಸಾಲಿ ಬಿಡುತ್ತದೆ, ಮಳೆ ಬಿಡುತ್ತದೆ, ಮಲ್ಲಿಗೆ ಹೂ ಬಿಡುತ್ತದೆ. ಆದರೆ ಹೂ ಬಿಟ್ಟಿತು ಎನ್ನಲಿಕ್ಕೆ ಲೀವ್ ಹೊಂದುವುದಿಲ್ಲ. ಎರಡು ಶಬ್ದ ಎಷ್ಟೇ ಒಂದರಂತೆ ಒಂದು ಕಂಡರೂ ಎಲ್ಲೋ ಒಂದು ಕಡೆ ದಾರಿ ಬೇರೆಯಾಗುತ್ತದೆ.

ನೆರೆಮನೆಯ ಕಳಕಮ್ಮ ಇಂದು ನನ್ನನ್ನು 'ಇಂಗ್ಲಿಷ್ ಅವ್ವಾರ' ಎಂದು ಕರೆದಳು. ಚೇಷ್ಟೆಗೆ ಅಂದದ್ದೇ ಇರಬಹುದು. ನನಗೆ ಸಿಟ್ಟು ಬರಲಿಲ್ಲ.

೨೦ ಫೆಬ್ರುವರಿ, ಗುರುವಾರ

ಫಕೀರಿ ಬಂದು ಕಾಗದ ಓದಿಸಿಕೊಂಡು ಹೋದಳು. ತಲೆನೋವು. ನಾಳೆ ಬರೆಯುತ್ತೇನೆ.

೨೧ ಫೆಬ್ರುವರಿ, ಶುಕ್ರವಾರ

ಬರೆಯುತ್ತೇನೆ. ಇಲ್ಲಿಯಾದರೂ ಸುಳ್ಳು ಬರೆಯಬಾರದು.

ಗ್ಯಾನಪ್ಪನ ತಾಯಿ ತೀರಿಕೊಂಡಳಂತೆ. ಮಣ್ಣು ಮಾಡಿ, ದಿನ ಮುಗಿಸಿ, ಹೇಳಿದ ದಿನಕ್ಕೆ ಸರಿಯಾಗಿ ಬಂದು ಕೆಲಸಕ್ಕೆ ನಿಂತಿದ್ದಾನೆ. ಅವನ ಸುತ್ತಿಗೆ ಬೇರೆಯವನ ಕೈಯಲ್ಲಿತ್ತಂತೆ. ಸಾಹೇಬರ ಕಚೇರಿಯಿಂದ ಬಂದ ಕಾಗದವನ್ನು ಅವನ ಕೈಗೆ ಕೊಟ್ಟು ಕಳಿಸಿದ್ದಾರೆ. ಅದನ್ನೇ ಫಕೀರಿ ನಿನ್ನೆ ತಂದದ್ದು.

ಮೂರೇ ಸಾಲು. ನಿನ್ನ ಸ್ವಂತ ಕೋರಿಕೆಯ ಮೇರೆಗೆ ನೀನು ನೌಕರಿ ಬಿಟ್ಟಿದ್ದೀ. ನಿನ್ನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಳ್ಳಲಾಗಿದೆ. ಮಾರ್ಚ್ ಹದಿನೈದರೊಳಗೆ ಖೋಲಿ ಖಾಲಿ ಮಾಡಬೇಕು.

ಓದುತ್ತಿದ್ದಂತೆಯೇ ನನಗೆ ತಿಳಿಯಿತು. ಕರಡು ನೋಡುವ ಅಗತ್ಯವೇ ಇರಲಿಲ್ಲ. ಹದಿನೈದು ದಿನದಲ್ಲಿ ಹೋಗಿ ಬರುತ್ತಾನೆ ಎಂಬುದು ನನ್ನ ಮನಸ್ಸಿನಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. 'ಬರುತ್ತಾನೆ' ಎಂಬುದನ್ನು ನಾನು ಬರೆದೇ ಇಲ್ಲ. ಸಾಹೇಬ ಓದಿದ್ದು ಇಷ್ಟೇ: ಹದಿನೈದು ದಿನದೊಳಗೆ ನನ್ನ ಕೆಲಸ ಬಿಡಲು ಅಪ್ಪಣೆ ಬೇಡುತ್ತೇನೆ. ಅವನು ಅಪ್ಪಣೆ ಕೊಟ್ಟ.

"ಏನ್ ಬರದಾರ್ರಿ ಅವ್ವಾರ?" ಎಂದಳು ಫಕೀರಿ.

"ಕೆಲಸದಿಂದ ತಗದಾರ."

"ಯಾಕಂತ್ರಿ?"

"ಯಾಕಂತ ಬರದಿಲ್ಲ," ಎಂದೆ.

ಆಕೆ ಕಾಗದವನ್ನು ತಿರುಗಿಸಿ ಹಿಂದಿನ ಮಗ್ಗುಲು ನೋಡಿದಳು. ಅಲ್ಲೇನಾದರೂ ಬರೆದಿದೆಯೇನೋ ಎಂದು. ಆಮೇಲೆ ನಾಲ್ಕು ಮಡಿಕೆ ಮಡಚಿ ಕುಪ್ಪಸದಲ್ಲಿಟ್ಟುಕೊಂಡು ಹೋದಳು.

೨೪ ಫೆಬ್ರುವರಿ, ಸೋಮವಾರ

ಶಿವರಾತ್ರಿ. ಉಪವಾಸ ಮಾಡಿದೆ. ಹಸಿವೆಯೇ ಇರಲಿಲ್ಲ, ಅದಕ್ಕೆ ಇದು ಉಪವಾಸದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ.

೨೬ ಫೆಬ್ರುವರಿ, ಬುಧವಾರ

ಗ್ಯಾನಪ್ಪನ ಜಾಗಕ್ಕೆ ಬಂದವನು ರಾಜಾಸಾಬ ಮೇಸ್ತ್ರಿಯ ಹೆಂಡತಿಯ ಅಣ್ಣನ ಮಗನಂತೆ. ಅಂಗಳದಲ್ಲಿ ಶೇಂಗಾ ಕೇರುತ್ತಾ ಫಕೀರಿ ಹೇಳಿದಳು.

"ಅರ್ಜಿ ಅವನ ಕೈಯಾಗ ಕೊಟ್ಟಿದ್ವಿರಿ. ಏನ್ ಹೇಳಿದ್ನೋ ಸಾಹೇಬ್ಗ, ಯಾರ ಕಾಲು ಹಿಡದ್ನೋ. ಎಂಟು ವರ್ಷ ಅಣ್ಣತಮ್ಮರಂಗ ಇದ್ದು ನಮ್ಮ ಅನ್ನದಾಗ ಮಣ್ಣು ಹಾಕಿದ. ಅವಂದ ಕೆಲಸ ಇದು, ಹೌದಲ್ರಿ ಅವ್ವಾರ?"

ನಾನು ಸುಮ್ಮನಿರಬಹುದಾಗಿತ್ತು. ಸುಮ್ಮನಿದ್ದರೂ ಅರ್ಧ ಪಾಪವೇ.

"ಇರಬಹುದು," ಎಂದೆ.

೨೮ ಫೆಬ್ರುವರಿ, ಶುಕ್ರವಾರ

ಸುದ್ದಿ ತಂದವಳು ಕಳಕಮ್ಮ. ನಿನ್ನೆ ಬೆಳಿಗ್ಗೆ ಸ್ಟೇಷನ್ನಿನ ನಳದ ಹತ್ತಿರ ಗ್ಯಾನಪ್ಪ ರಾಜಾಸಾಬನ ಮೇಲೆ ಬಿದ್ದನಂತೆ. ದಬ್ಬಿದ ಹೊಡೆತಕ್ಕೆ ಮುದುಕ ಹಳಿಯ ಮೇಲೆ ಬಿದ್ದು ಬಲ ಮುಂಗೈ ಮುರಿದಿದೆ. ಗ್ಯಾನಪ್ಪನನ್ನು ಠಾಣೆಯಲ್ಲಿ ಕೂಡಿಸಿದ್ದಾರೆ.

"ಅವ ಮಾಡಿದ್ದು ಬರೋಬರ್ರಿ. ಒಬ್ಬರ ಹೊಟ್ಟಿ ಮ್ಯಾಲೆ ಹೊಡದ್ರ ದೇವ್ರು ಬಿಡ್ತಾನೇನು?" ಎಂದಳು ಕಳಕಮ್ಮ.

ಓಣಿಯವರೆಲ್ಲ ಹಾಗೇ ಅನ್ನುತ್ತಿದ್ದಾರಂತೆ. ರೊಟ್ಟಿ ಬಡಿಯುತ್ತಿದ್ದೆ. ನಾನೊಂದು 'ಇರಬಹುದು' ಎಂದದ್ದಕ್ಕೆ ಒಬ್ಬರ ಕೈ ಮುರಿಯಿತು.

೧ ಮಾರ್ಚ್, ಶನಿವಾರ

ಇವರಿಗೆ ಹೇಳಿದೆ. ಅಂಗಡಿಗೆ ಹೊರಟವರು ಮತ್ತೆ ಮಣೆಯ ಮೇಲೆ ಕೂತು ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಯಾರಿಗೆ ಗೊತ್ತೈತಿ?"

"ಯಾರಿಗೂ ಇಲ್ಲ."

"ಹಂಗಾದ್ರ ಇಲ್ಲಿಗೇ ಮುಗೀತು. ನಾಳೆ ನೀ ಬಾಯಿ ತಗದ್ರ ಶೆಟ್ಟರ ಮನಿ ಹೆಣ್ಮಗಳು ಅರ್ಜಿ ಬರದು ಬಡವನ ನೌಕರಿ ಕಳದ್ಲು ಅಂತ ಊರೆಲ್ಲಾ ಆಡ್ಕೊಂತೈತಿ. ನಮ್ಮ ಶೇಂಗಾ ಹೋಗೂದು ಅದ ಸ್ಟೇಷನ್ನಿಂದ. ತಿಳೀತೇನು?" ಎದ್ದು ನಿಂತು, "ಅವರಿಗೆ ಒಂದು ಚೀಲ ಜ್ವಾಳ ಕಳಸ್ತೀನಿ. ಗ್ಯಾನಪ್ಪನ್ನ ಬಿಡಸಾಕ ಠಾಣೆ ಅಮೀನಗೂ ಒಂದು ಮಾತು ಹೇಳ್ತೀನಿ," ಎಂದರು.

ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ.

೪ ಮಾರ್ಚ್, ಮಂಗಳವಾರ

ಜೋಳದ ಚೀಲ ಹೋಯಿತು. ಗ್ಯಾನಪ್ಪನನ್ನು ಬಿಟ್ಟರು. ರಾಜಾಸಾಬ ಫಿರ್ಯಾದಿ ಕೊಡಲಿಲ್ಲವಂತೆ, 'ತಾಯಿ ಕಳಕೊಂಡಾನ, ತಲಿ ಕೆಟ್ಟೈತಿ' ಎಂದನಂತೆ.

ಫಕೀರಮ್ಮ ಬಂದು ಹೊಸ್ತಿಲಿಗೆ ಹಣೆ ಹಚ್ಚಿದಳು. "ನಿಮ್ಮಂಥಾರು ಅದೀರಿ ಅಂತ ನಮ್ಮಂಥಾರು ಬದುಕೀವ್ರಿ," ಎಂದು ಅತ್ತಳು. ನಾನು ಒಳಗೆ ಓಡಿದೆ. ಹಿತ್ತಲಿನಲ್ಲಿ ವಾಂತಿಯಾಯಿತು.

೬ ಮಾರ್ಚ್, ಗುರುವಾರ

ಅತ್ತಿ ಕರೆದು ಹತ್ತಿರ ಕೂಡಿಸಿಕೊಂಡರು. "ಉಣ್ಣವಲ್ಲಿ, ವಾಂತಿ ಆಗತೈತಿ. ತಿಂಗಳು ನಿಂತೈತೇನವ್ವ?" ಎಂದು ಕೇಳಿದರು. ಅವರ ಕಣ್ಣಿನಲ್ಲಿ ಅಷ್ಟೊಂದು ಆಸೆಯಿತ್ತು. ಇಲ್ಲ ಎಂದು ಹೇಳುತ್ತಲೇ ಅಳು ಬಂತು. ಅಳುತ್ತಲೇ ಎಲ್ಲ ಹೇಳಿಬಿಟ್ಟೆ.

ಅವರಿಗೆ ಅಕ್ಷರ ಬರುವುದಿಲ್ಲ. ಲೀವ್ ಎಂದರೇನು ಎಂದು ಕೇಳಲಿಲ್ಲ. ಅಡಕೆ ಕತ್ತರಿಸುತ್ತಾ ಕೂತರು.

"ಉಮಾಪತಿಗೆ ಗೊತ್ತೈತಿ?" ಎಂದು ಮಗನ ಹೆಸರು ಎತ್ತಿ ಕೇಳಿದರು.

"ಗೊತ್ತೈತ್ರಿ."

"ಜ್ವಾಳ ಕಳಿಸಿದ್ದು ಅದಕ್ಕನು?"

ಹೂಂ ಎಂದೆ.

"ಹಸದವರಿಗೆ ಕೊಟ್ರ ದಾನ. ನಮ್ಮ ಬಾಯಿ ಮುಚ್ಕೊಳ್ಳಾಕ ಕೊಟ್ರ ಅದಕ್ಕೇನಂತಾರ ನನಗ ಗೊತ್ತಿಲ್ಲವ್ವ," ಎಂದರು. "ಆಕಿ ಹೊಸ್ತಿಲಕ್ಕ ತಲಿ ಹಚ್ಚಿದಾಗ ನಾನೂ ಇಲ್ಲೇ ನಿಂತಿದ್ದೆ. ಆ ನಮಸ್ಕಾರ ನಾನೂ ತಗೊಂಡೆ. ಹೋಗಿ ಹೇಳಿ ಬಾ."

೭ ಮಾರ್ಚ್, ಶುಕ್ರವಾರ

ಹೇಳಿ ಬಂದೆ.

ಗ್ಯಾಂಗಿನ ಖೋಲಿಗಳಿಗೆ ನಾನು ಎಂದೂ ಹೋದವಳಲ್ಲ. ಹಳಿಗುಂಟ ಸಾಲಾಗಿ ಆರು ಖೋಲಿ, ಮೂರನೆಯದು ಅವರದು. ಫಕೀರಮ್ಮ ಗಡಿಗೆಗಳನ್ನು ಹುಲ್ಲಿನ ಸಿಂಬೆಯಲ್ಲಿಟ್ಟು ಕಟ್ಟುತ್ತಿದ್ದಳು, ಖಾಲಿ ಮಾಡಲು ಎಂಟೇ ದಿನವಿತ್ತು. ನನ್ನನ್ನು ನೋಡಿ ಗಾಬರಿಯಾಗಿ ಕೂಡಿಸಲು ಏನೂ ಸಿಗದೆ ಸುತ್ತ ನೋಡಿದಳು. ನಾನು ನೆಲದ ಮೇಲೆ ಕೂತೆ. ದಾರಿಯಲ್ಲಿ ಬಿಸಿಲು ಬಹಳವಿತ್ತು, ನೀರು ಕೇಳಿ ಕುಡಿದೆ.

"ಫಕೀರಮ್ಮ, ರಾಜಾಸಾಬ ಏನೂ ಮಾಡಿಲ್ಲ. ಸಾಹೇಬರೂ ತಾವಾಗಿ ತಗದಿಲ್ಲ. ನಾನು ಅರ್ಜಿ ತಪ್ಪು ಬರದೆ. ರಜಾ ಬೇಕು ಅಂತ ಬರೀಬೇಕಿತ್ತು, ನೌಕರಿ ಬಿಡತೀನಿ ಅಂತ ಬರದೆ."

ಸಿಂಬೆ ಹಿಡಿದ ಕೈ ಹಾಗೇ ನಿಂತಿತು. ಒಂದು ಮಾಲುಗಾಡಿ ಹೋಯಿತು.

"ಅವತ್ತ ಕಾಗದ ಓದಿದಾಗ ನಿಮಗ ಗೊತ್ತಾತೇನ್ರಿ?"

"ಆತು."

"ಅವತ್ತಿಂದ ಇವತ್ತಿನ ತನಕ ಗೊತ್ತಿತ್ತೇನ್ರಿ?"

"ಇತ್ತು."

"ನಾ ರಾಜಾಸಾಬನ ಹೆಸರು ಎತ್ತಿದಾಗ?"

"ಆಗಲೂ ಇತ್ತು," ಎಂದೆ.

"ಬರಿಯೂದು ತಪ್ಪತೈತ್ರಿ ಅವ್ವಾರ," ಎಂದಳು. ಧ್ವನಿ ಏರಿಸಲಿಲ್ಲ. "ನಮ್ಮಾಂವ ಹಳಿ ಬೋಲ್ಟು ಬಿಗಿಯೂದೂ ಒಮ್ಮೊಮ್ಮೆ ತಪ್ಪತೈತಿ. ತಪ್ಪಿದ್ದು ನೆನಪಾದ್ರ ಉಣ್ಣೂದು ಬಿಟ್ಟು ಓಡ್ಯಾನ. ಗಾಡಿ ಬರೂದ್ರಾಗ ಹೋಗಿ ಹೇಳಬೇಕಲ್ರಿ. ನೀವು ಗಾಡಿ ಬಿದ್ದ ಮ್ಯಾಲೆ ಬಂದೀರಿ."

ಗ್ಯಾನಪ್ಪ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದನ್ನು ನಾನು ಎದ್ದಾಗಲೇ ನೋಡಿದ್ದು. ಎಲ್ಲ ಕೇಳಿದ್ದಾನೆ. ನನ್ನ ಕಡೆ ನೋಡದೆ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದ. "ಆ ಮುದುಕನ ಕೈ ಮುರದ್ನಲ್ಲ ನಾನು," ಎಂದ. ಅಷ್ಟೇ.

೮ ಮಾರ್ಚ್, ಶನಿವಾರ

ರಾಜಾಸಾಬನ ಮನೆಗೆ ಅತ್ತಿಯೂ ಜೊತೆಗೆ ಬಂದರು. ಮೇಸ್ತ್ರಿ ಗೋಡೆಗೆ ಒರಗಿ ಕೂತಿದ್ದರು. ಬಲಗೈಗೆ ಬಿದಿರಿನ ದಬ್ಬೆ ಕಟ್ಟಿ, ಕೊರಳಿಗೆ ಜೋಳಿಗೆ ಹಾಕಿದ್ದರು. ಅರವತ್ತರ ಹತ್ತಿರದ ವಯಸ್ಸು. ನಾನು ಎಲ್ಲ ಹೇಳಿ ಮುಗಿಸುವವರೆಗೂ ನಡುವೆ ಬಾಯಿ ಹಾಕಲಿಲ್ಲ.

ಒಳಗಿನಿಂದ ಅವರ ಹೆಂಡತಿ ಅಮೀನಾಬೀ ಬಂದರು. "ಹತ್ತು ದಿನಾ ಆತವ್ವ, ನಳಕ್ಕ ಹೋದ್ರ ಒಬ್ರು ಮಾತಾಡ್ಸಂಗಿಲ್ಲ. ನಾ ಕೊಡ ಇಟ್ಟ ಕಡೆ ಮಂದಿ ಕೊಡ ಇಡಂಗಿಲ್ಲ. ನನ್ನ ತವರಿನ ಹುಡುಗ ನೌಕರಿಗೆ ಬಂದಾನಂತ ಖುಷಿಪಡಬೇಕೋ, ಮುಖ ಮುಚ್ಕೋಬೇಕೋ ನೀನ ಹೇಳು."

"ಕಸೂರು ನಂದು. ಮಾಫಿ ಮಾಡ್ರಿ," ಎಂದೆ.

"ನನಗ ಹೇಳಿದ್ರ ಏನಾತ್ರಿ?" ಎಂದರು ರಾಜಾಸಾಬ. "ನಾ ಕಳ್ಳ ಅಲ್ಲ ಅನ್ನೂದು ನನಗ ಮೊದಲ ಗೊತ್ತೈತಿ. ಗ್ಯಾಂಗಿನವರ ಮುಂದ ಹೇಳ್ರಿ. ಅವರು ನನ್ನ ಮಾತು ಕೇಳಿ ಗಾಡಿ ಮುಂದ ನಿಂದ್ರೂ ಮಂದಿ. ನಂಬಿಗಿ ಇಲ್ಲದವನ ಮಾತು ಹೆಂಗ ಕೇಳ್ತಾರ?"

ಗಂಡಸರ ಮುಂದೆ, ಸ್ಟೇಷನ್ನಿನಲ್ಲಿ. ನಾನು ಅತ್ತಿಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಹೇಳ್ತೀನ್ರಿ," ಎಂದೆ.

೧೧ ಮಾರ್ಚ್, ಮಂಗಳವಾರ. ಹೊಸಪೇಟೆ

ಹುಲಿಗೆಮ್ಮನ ದರ್ಶನಕ್ಕೆ ಎಂದು ಅತ್ತಿ ಇವರಿಗೆ ಹೇಳಿ ಹೊರಡಿಸಿದರು. ಇವರು ನಂಬಿದರೋ ಇಲ್ಲವೋ, ತಡೆಯಲಿಲ್ಲ. ಹುಲಿಗಿಯಲ್ಲಿ ಕಾಯಿ ಒಡೆಸಿ ಮಧ್ಯಾಹ್ನದ ಗಾಡಿಗೆ ಹೊಳೆ ದಾಟಿದೆವು. ಗಡಿಯಲ್ಲಿ ಸುಂಕ ನೋಡುವ ಕರೋಡಗಿರಿಯವನು ಗಂಟು ಬಿಚ್ಚಿಸಿ ನೋಡಿ, ಕುಂಕುಮ, ಕಾಯಿ ಬಿಟ್ಟರೆ ಏನೂ ಇಲ್ಲವೆಂದು ಬಿಟ್ಟ.

ಅಪ್ಪ ಕನ್ನಡಕ ಏರಿಸಿ ಕರಡನ್ನು ಎರಡು ಸಲ ಓದಿದರು. ಒಂದು ಕಾಲಕ್ಕೆ ಇದನ್ನೇ ಹೆಮ್ಮೆಯಿಂದ ತೋರಿಸಬೇಕೆಂದು ಇಟ್ಟದ್ದು.

"ವ್ಯಾಕರಣದಾಗ ತಪ್ಪಿಲ್ಲ ಮಗಳ," ಎಂದರು. "ತಪ್ಪು ಇದ್ದಿದ್ರ ಛಲೋ ಇತ್ತು. ಯಾರೋ ಅರೆಬರೆ ಕಲ್ತವರು ಬರದಾರಂತ ಸಾಹೇಬ ಅವನ್ನ ಕರಿಸಿ ಕೇಳ್ತಿದ್ದ. ಇಷ್ಟು ನೆಟ್ಟಗ ಬರದ್ರ ಯಾರು ಕೇಳ್ತಾರ?"

ಊಟಕ್ಕೆ ಕೂತಾಗ ಮತ್ತೆ ಅಂದರು: "ನಾ ನಿನಗ ಲೀವ್ ಅನ್ನೂ ಶಬ್ದಕ್ಕ ಎಷ್ಟು ಅರ್ಥ ಅದಾವ ಅಂತ ಬಾಯಿಪಾಠ ಮಾಡಿಸಿದೆ. ಕೇಳೂ ಮನುಷ್ಯಾಗ ಯಾವ ಅರ್ಥ ಮುಟ್ಟತೈತಿ ಅಂತ ವಿಚಾರ ಮಾಡಾಕ ಹೇಳಿಕೊಡಲಿಲ್ಲ."

ತಮ್ಮ ಮೇಲೆ ಹಾಕಿಕೊಂಡು ನನ್ನನ್ನು ಹಗುರ ಮಾಡಲು ನೋಡಿದರು. ನಾನು ಹಗುರಾಗಲಿಲ್ಲ.

೧೨ ಮಾರ್ಚ್, ಬುಧವಾರ

ಗ್ಯಾನಪ್ಪನ ನೌಕರಿ ಕೇಳಲು ಅಪ್ಪನೊಡನೆ ಇಲ್ಲಿಯ ರೈಲ್ವೆ ಸಾಹೇಬರ ಕಚೇರಿಗೆ ಹೋದೆ, ಬಹಳ ಹೊತ್ತು ಕಾಯಿಸಿದರು. ಕೆಂಪು ಮುಖದ, ಬೊಜ್ಜಿನ ಮನುಷ್ಯ. ಕಡತ ತರಿಸಿ ನನ್ನ ಅರ್ಜಿಯನ್ನು ತೆಗೆದು ಮೇಜಿನ ಮೇಲಿಟ್ಟರು. ನನ್ನ ಅಕ್ಷರದ ಕೆಳಗೆ ಗ್ಯಾನಪ್ಪನ ಹೆಬ್ಬಟ್ಟು ನೀಲಿಯಾಗಿ ಮೂಡಿತ್ತು. ಆ ಹೆಬ್ಬಟ್ಟನ್ನು ನಾನು ಕಂಡದ್ದು ಅದೇ ಮೊದಲು.

ಇದನ್ನು ಬರೆದವರಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು, ಅಪ್ಪನನ್ನು ನೋಡಿ. ಅಪ್ಪ ಬಾಯಿ ತೆರೆಯುವ ಮೊದಲೇ "ಐ, ಸರ್," ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ದೊಡ್ಡ ದೊಡ್ಡ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. "ಹಿ ಡಿಡ್ ನಾಟ್ ಲೀವ್, ಸರ್. ಹಿ ವೆಂಟ್ ಟು ಹಿಸ್ ಮದರ್," ಎಂದೆ. ಅವನು ಬಿಟ್ಟಿಲ್ಲ, ತಾಯಿಯ ಹತ್ತಿರ ಹೋಗಿದ್ದ.

ಸಾಹೇಬರು ನನ್ನನ್ನು ಆಗ ನೋಡಿದರು. "ಇದನ್ನೇ ಬರೆಯಬೇಕಾಗಿತ್ತು," ಎಂದರು. 

ಹೊಸಬನನ್ನು ತೆಗೆದುಹಾಕಲು ಬರುವುದಿಲ್ಲವಂತೆ, ಅವನದೇನು ತಪ್ಪು? ತಳಕಲ್ಲ ಸ್ಟೇಷನ್ನಿನ ಗ್ಯಾಂಗಿನಲ್ಲಿ ಒಂದು ಜಾಗ ಖಾಲಿಯಿದೆ, ಹೊಸ ಆಳೆಂದು ಅಲ್ಲಿ ತೆಗೆದುಕೊಳ್ಳುತ್ತಾರೆ, ತಿಂಗಳ ಕೊನೆಯವರೆಗೆ ಈಗಿನ ಖೋಲಿಯಲ್ಲೇ ಇರಲು ಬಿಡುತ್ತಾರೆ. ಹಿಂದಿನ ಎಂಟು ವರ್ಷ ಎಣಿಕೆಗೆ ಬರುವುದಿಲ್ಲ. ಬಿಟ್ಟವನು ಬಿಟ್ಟವನೇ, ಕಾಗದ ಹಾಗೆ ಹೇಳುತ್ತದೆ ಎಂದರು.

ಹೊರಗೆ ಬಂದ ಮೇಲೆ ಅಪ್ಪ ದೊಡ್ಡ ಉಪಕಾರವಾಯಿತು ಎಂದರು. ಆಗಿರಬಹುದು. ಎಂಟು ವರ್ಷ ಎಂದರೆ ಎಷ್ಟು ಬೋಲ್ಟು, ಎಷ್ಟು ಬೇಸಿಗೆ.

೧೫ ಮಾರ್ಚ್, ಶನಿವಾರ. ಕೊಪ್ಪಳ

ಬೆಳಿಗ್ಗೆ ಗ್ಯಾಂಗಿನವರು ಸಾಮಾನಿನ ಕೋಣೆಯ ಮುಂದೆ ಹಾಜರಿಗೆ ನಿಲ್ಲುವ ಹೊತ್ತಿಗೆ ಹೋದೆ. ಹನ್ನೊಂದು ಮಂದಿ. ರಾಜಾಸಾಬ ಜೋಳಿಗೆಯಲ್ಲಿ ಕೈಯಿಟ್ಟುಕೊಂಡು ಒಂದು ಪಕ್ಕಕ್ಕೆ, ಗ್ಯಾನಪ್ಪ ಎಲ್ಲರಿಗಿಂತ ಹಿಂದೆ. ನಳದ ಹತ್ತಿರ ಹೆಂಗಸರು. ಅವರಲ್ಲಿ ಅಮೀನಾಬೀಯೂ ಇದ್ದರು.

ಸೆರಗು ಹೊದ್ದು ಹೇಳಿದೆ. ಅರ್ಜಿ ಬರೆದವಳು ನಾನು, ತಪ್ಪು ನನ್ನದು, ಮೇಸ್ತ್ರಿ ಅದರಲ್ಲಿ ಕೈಯಾಡಿಸಿಲ್ಲ. ತಪ್ಪು ಗೊತ್ತಾದ ಮೇಲೂ ಮುಚ್ಚಿಟ್ಟೆ, ಮೇಸ್ತ್ರಿಯ ಹೆಸರು ಬಂದಾಗ ಹೌದೆನ್ನುವಂತೆ ಮಾತಾಡಿದೆ. ಕೊನೆಯದನ್ನು ಹೇಳಬೇಕೆಂದು ಯಾರೂ ಕೇಳಿರಲಿಲ್ಲ. ಹೇಳದಿದ್ದರೆ ಮತ್ತೆ ಅರ್ಧವೇ ಆಗುತ್ತಿತ್ತು.

ಒಬ್ಬ ನಕ್ಕ. ಇನ್ನೊಬ್ಬ, "ಶಾಣ್ಯಾರ ಮನ್ಯಾಗ ಬರೆಸಿದ್ದಕ್ಕ ಇದು ಗತಿ," ಎಂದ. ಗ್ಯಾನಪ್ಪ ಮುಂದೆ ಬಂದು ರಾಜಾಸಾಬನ ಕಾಲು ಮುಟ್ಟಿದ. ಅವರು ಎಡಗೈಯಿಂದ ಅವನ ಭುಜ ಹಿಡಿದು ಎಬ್ಬಿಸಿ, "ಏಳೋ ಸಾಕು, ಹಾಜರಿಗೆ ಹೊತ್ತಾತು," ಎಂದರು.

ಇವರು ಮಾಲಿನ ಗೋದಾಮಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿದರಂತೆ. ಅತ್ತಿ ಹೇಳಿದರು. ನಾನು ನೋಡಲಿಲ್ಲ. ಮನೆಗೆ ಬಂದು ಉಂಡು ಹೋದರು, ಒಂದು ಮಾತಿಲ್ಲ.

೩೦ ಮಾರ್ಚ್, ಭಾನುವಾರ

ಫಕೀರಮ್ಮ, ಗ್ಯಾನಪ್ಪ ಬೆಳಗಿನ ಗಾಡಿಗೆ ತಳಕಲ್ಲಿಗೆ ಹೋದರು. ಹೋಗುವಾಗ ಹೇಳಲು ಬರಲಿಲ್ಲ. ಬರಬೇಕೆಂದು ಹೇಗೆ ಕೇಳಲಿ? ಯುಗಾದಿಯ ಹೋಳಿಗೆ ಕಟ್ಟಿ ಕಳಿಸಿದ್ದೆ. ಗಂಟು ಹಾಗೇ ತಿರುಗಿ ಬಂತು.

ಇವರು ಈಗ ಮಾತಾಡುತ್ತಾರೆ, ಬೇಕಾದಷ್ಟು ಮಾತ್ರ.

೨೧ ಏಪ್ರಿಲ್, ಸೋಮವಾರ

ಅರ್ಜಿ ಬರೆಸಲು ಯಾರೂ ಬಂದಿಲ್ಲ. ಅದೇ ಸರಿ. ಮಸಿ ಒಣಗಿತ್ತು, ನೀರು ಹಾಕಿ ಕಲಸಿದೆ.

೧೯ ಮೇ, ಸೋಮವಾರ

ಇಂದು ಮಧ್ಯಾಹ್ನ ಬಾಗಿಲಲ್ಲಿ ಫಕೀರಮ್ಮ ನಿಂತಿದ್ದಳು. ತಳಕಲ್ಲಿಂದ ಗಾಡಿಗೆ ಬಂದಿದ್ದಾಳೆ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಕೈಯಲ್ಲಿ ಒಂದು ಬಿಳಿ ಕಾಗದ, ಅಂಗಡಿಯಲ್ಲಿ ಕೊಂಡದ್ದು, ಸುರುಳಿ ಸುತ್ತಿ ಹಿಡಿದಿದ್ದಳು. ಒಳಗೆ ಕರೆದು ಕೂಡಿಸಿದೆ.

"ಅರ್ಜಿ ಬರೀಬೇಕ್ರಿ," ಎಂದಳು.

ಹಿಂದಿನ ಎಂಟು ವರ್ಷವನ್ನು ಎಣಿಕೆಗೆ ಹಿಡಿಯಬೇಕೆಂದು ಸಾಹೇಬರಿಗೆ ಕೇಳಿಕೊಳ್ಳಬೇಕಂತೆ. ಅಲ್ಲಿಯ ಗ್ಯಾಂಗಿನವರು ಕೇಳಿ ನೋಡು ಎಂದಿದ್ದಾರೆ.

"ನಾ ಬರಿಯೂದು ಬ್ಯಾಡ ಫಕೀರಮ್ಮ. ತಳಕಲ್ಲ ಸ್ಟೇಷನ್ ಮಾಸ್ತರಿಗೆ ಇಂಗ್ಲಿಷ್ ಛಲೋ ಬರತೈತಿ. ಅವರ ಕಡೆ ಬರಸು."

"ಕೇಳಿದ್ದೆರಿ. ಬರದುಕೊಡ್ತೀನಿ ಅಂದ್ರು."

"ಮತ್ತ ಇಷ್ಟು ದೂರ ಯಾಕ ಬಂದಿ?"

ಆಕೆ ಕಾಗದದ ಸುರುಳಿ ಬಿಚ್ಚಿ ನೆಲದ ಮೇಲೆ ಹರವಿದಳು. ಅಂಚು ಮಡಚಿಕೊಳ್ಳದಂತೆ ಅಂಗೈಯಿಂದ ಒತ್ತಿ ಹಿಡಿದಳು. ನನ್ನ ಮೇಲೆ ಕರುಣೆಯಾಗಲಿ, ಹಳೆಯ ವಿಶ್ವಾಸವಾಗಲಿ ಆ ಮುಖದಲ್ಲಿ ಇರಲಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನನ್ನನ್ನು ನೋಡಿದಳು.

"ಅವರು ತಪ್ಪು ಬರದ್ರ ಮನೀಗೆ ಬಂದು ಹೇಳ್ತಾರೇನ್ರಿ?" ಎಂದಳು.

ಬರೆಯಲು ಕೂತೆ. ಗಾಡಿಯ ಹೊತ್ತಿನವರೆಗೂ ಹಿಡಿಯಿತು. ಪ್ರತಿ ಸಾಲನ್ನೂ ಮೊದಲು ಕನ್ನಡದಲ್ಲಿ ಹೇಳಿದೆ, ಆಕೆ ಹೌದೆಂದ ಮೇಲೆ ಇಂಗ್ಲಿಷಿನಲ್ಲಿ ಬರೆದೆ, ಬರೆದದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿದೆ. ಎರಡು ಕಡೆ ತಡೆದಳು. ಒಂದು ಕಡೆ ತಡೆದದ್ದು ಸರಿಯಿತ್ತು: ತಾಯಿ ಸತ್ತ ದಿನವನ್ನು ನಾನು ಸುಮ್ಮನೆ ಊಹೆಯಿಂದ ಹಾಕಿದ್ದೆ. ಕೊನೆಗೆ, ಅರ್ಜಿಯ ಕೆಳಗೆ ಗ್ಯಾನಪ್ಪನ ಹೆಬ್ಬಟ್ಟಿಗೆ ಜಾಗ ಬಿಟ್ಟು, ಮೊದಲಿನ ಅರ್ಜಿಯನ್ನು ತಪ್ಪು ಬರೆದವಳು ನಾನೇ ಎಂದು ಒಂದು ಸಾಲು ಸೇರಿಸಿದೆ. ಅದರ ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ. ವಿರೂಪಾಕ್ಷಮ್ಮ, ಉಮಾಪತಿ ಶೆಟ್ಟರ ಹೆಂಡತಿ, ಕೊಪ್ಪಳ.

ಅಷ್ಟರಲ್ಲಿ ಇವರು ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತರು. ಕಾಗದ ನೋಡಿದರು, ಹೆಸರು ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಹೋದರು.

ಫಕೀರಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಮಸಿ ಇನ್ನೂ ಹಸಿ ಐತಿ," ಎಂದು ಬಾಯಿಂದ ಊದಿದಳು, ಗಾಡಿಯ ಕೂಗು ಕೇಳುವವರೆಗೂ ಊದುತ್ತಲೇ ಕೂತಳು.